ಎಡಗಡೆಯ ಅರ್ಧ ಬೆರಳು

"ನನ್ ಗಾಡಿ ಸ್ಪ್ರಿಂಗ್ ಎಲ್ರೀ?"

ಮಧುಶ್ರೀ ಅಂಗಡಿಯೊಳಗೆ ಕಾಲಿಟ್ಟಿದ್ದೇ ಈ ಮಾತಿನೊಂದಿಗೆ. ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ. ಕೊಡಿಗೇಹಳ್ಳಿಯ ಆ ಪುಟ್ಟ ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಬುಧವಾರ ಸಂಜೆ ಇದ್ದವನು ಒಬ್ಬನೇ. ಕೈಯಲ್ಲಿ ಟೀ ಲೋಟ, ಬಾಯಲ್ಲಿ ಅರ್ಧ ಬನ್ನು. ಅವನು ಬನ್ನು ನುಂಗಿದ, ಲೋಟ ಕೆಳಗಿಟ್ಟ, ಕೈ ಒರೆಸಿಕೊಂಡ, ಆಮೇಲೆ ನಿಧಾನವಾಗಿ ಕೇಳಿದ.

"ಯಾವ ಸ್ಪ್ರಿಂಗ್ ರೀ?"

"ಮುಂದ್ಗಡೆದು. ಎರಡೂ! ಹೋದ್ ವಾರ ಅಲೈನ್‌ಮೆಂಟ್‌ಗೆ ಅಂತ ನಿಮ್ಮತ್ರ ಬಿಟ್ಟಿದ್ದೆ. ಈಗ ನೋಡಿದ್ರೆ ಗಾಡಿ ಮೂತಿ ನೆಲಕ್ಕೆ ತಾಗ್ತಿದೆ. ನಮ್ ಚಿಕ್ಕಪ್ಪ ಬಗ್ಗಿ ನೋಡಿದ್ರು. ಕೆಳಗಡೆ ಏನೂ ಇಲ್ಲ."

ಚಿಕ್ಕಪ್ಪ ಎಂದರೆ ಬೈರಣ್ಣ. ಇಪ್ಪತ್ತು ವರ್ಷ ಗೂಡ್ಸ್ ಆಟೊ ಓಡಿಸಿದ ಮನುಷ್ಯ. ಗಾಡಿಗಳ ವಿಷಯದಲ್ಲಿ ತನಗೆ ತಿಳಿಯದ್ದು ಏನೂ ಇಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಆ ಬೆಳಗ್ಗೆ ಅಣ್ಣನ ಮಗಳ ಪಿಕಪ್ಪಿನ ಕೆಳಗೆ ತಲೆ ತೂರಿಸಿ ಎದ್ದವನೇ ತೀರ್ಪು ಕೊಟ್ಟಿದ್ದ. "ಬಿಚ್ಕೊಂಡ್ ಓಗವ್ರೆ ಕಣಮ್ಮ. ಇಂದ್ಗಡೆ ಪಟ್ಟಿ ಸ್ಪ್ರಿಂಗ್ ಐತೆ, ಮುಂದ್ಗಡೆ ಸ್ಪ್ರಿಂಗೇ ಇಲ್ಲ. ಓಗಿ ಕೇಳು ಆ ಅಂಗ್ಡಿಯವ್ನ." ಮಧುಶ್ರೀಗೆ ಅಷ್ಟು ಸಾಕಾಗಿತ್ತು.

ಅಂಗಡಿಯವನು ಸಿಟ್ಟಾಗಲಿಲ್ಲ. ಪಿಕಪ್ಪನ್ನು ತಾನೇ ಒಳಗೆ ತಂದು ಗುಂಡಿಯ ಮೇಲೆ ನಿಲ್ಲಿಸಿದ. ಗಾಡಿಯ ಕೆಳಗೆ ನಿಂತು ಕೆಲಸ ಮಾಡಲೆಂದು ತೋಡಿದ, ನಾಲ್ಕು ಮೆಟ್ಟಿಲಿನ ಗುಂಡಿ ಅದು. ಟಾರ್ಚ್ ಹಿಡಿದು ಇಳಿದು, ತಲೆ ಎತ್ತಿ ಅವಳನ್ನು ನೋಡಿದ.

"ಬರ್ರಿ."

"ಎಲ್ಲಿಗೆ?"

"ಕೆಳಗ. ನಿಮ್ಮ ಸ್ಪ್ರಿಂಗ್ ತೋರಸ್ತೀನಿ."

ಚೂಡಿದಾರದ ಅಂಚು ಎತ್ತಿಕೊಂಡು ಅವಳೂ ಇಳಿದಳು. ಗುಂಡಿಯಲ್ಲಿ ಒಬ್ಬರಿಗೆ ಮಾತ್ರ ಜಾಗ ಇತ್ತು, ಇಬ್ಬರು ನಿಂತರು. ಗ್ರೀಸಿನ ವಾಸನೆ, ಪಕ್ಕದಲ್ಲಿ ಒಂದು ಗೇಣು ದೂರದಲ್ಲಿ ಒಬ್ಬ ಅಪರಿಚಿತನ ಭುಜ. ಅವಳು ಭುಜವನ್ನು ನೋಡದೆ ಟಾರ್ಚಿನ ಬೆಳಕನ್ನೇ ದಿಟ್ಟಿಸಿದಳು. ಬೆಳಕು ಒಂದು ಉದ್ದನೆಯ ಕಬ್ಬಿಣದ ಸರಳಿನ ಮೇಲೆ ಹರಿಯಿತು.

"ಈ ಸರಳು ಕಾಣ್ತೈತಲ್ರಿ? ಇದ ಸ್ಪ್ರಿಂಗ್."

"ಇದು ನೆಟ್ಟಗಿದೆಯಲ್ಲ?"

"ನೆಟ್ಟಗ ಇರತೈತ್ರಿ. ಗಾಲಿ ಮ್ಯಾಲೆ ಎದ್ದಾಗ ತಿರುಚಿಕೊಳ್ಳತೈತಿ, ಇಳಿದಾಗ ಬಿಚ್ಚಿಕೊಳ್ಳತೈತಿ. ಒದ್ದಿ ಬಟ್ಟಿ ಹಿಂಡಿದಂಗ. ಆ ಕಡೆ ಒಂದು, ಈ ಕಡೆ ಒಂದು."

ಮಧುಶ್ರೀ ಆ ಕಡೆ ನೋಡಿದಳು. ಅಲ್ಲೂ ಒಂದು ಸರಳು ತಣ್ಣಗೆ ಮಲಗಿತ್ತು. ಅವಳ ಕಿವಿ ಬಿಸಿಯಾಯಿತು.

"ಅಂದ್ರೆ ಯಾರೂ ಕದ್ದಿಲ್ಲ."

"ಕದ್ದಿದ್ರ ನೀವು ಇಲ್ಲೀತನಕ ಗಾಡಿ ಹೊಡಕೊಂಡು ಬರತಿರಲಿಲ್ರಿ."

ಅವನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ತುಟಿಯನ್ನು ಕಷ್ಟಪಟ್ಟು ಬಿಗಿ ಹಿಡಿದಿದ್ದ, ಆದರೆ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬಿದ್ದು ಗುಟ್ಟು ರಟ್ಟು ಮಾಡಿತ್ತು. ಹೋದ ವಾರ ಗಾಡಿಯ ಕೀ ಕೊಡುವಾಗ ಈ ಮುಖವನ್ನು ತಾನು ಹೇಗೆ ನೋಡದೆ ಹೋದೆ ಎಂದು ಅವಳಿಗೆ ಆಶ್ಚರ್ಯವಾಯಿತು. ಕ್ಷಮೆ ಕೇಳುವ ವಿಷಯದಲ್ಲಿ ಅವಳು ಮೊದಲಿನಿಂದಲೂ ಸ್ವಲ್ಪ ನಿಧಾನ. ಹಾಗಾಗಿ, "ಮತ್ಯಾಕೆ ಮೂತಿ ಇಳಿದಿದೆ?" ಎಂದು ಮತ್ತೂ ಜೋರಾಗಿಯೇ ಕೇಳಿದಳು.

"ವಯಸ್ಸಾಗೈತ್ರಿ ಸರಳಿಗೆ. ದಣದೈತಿ."

ಅವನ ಹೆಸರು ಶರಣು. ಊರು ಕೊಪ್ಪಳದ ಕಡೆ. ಹಗಲು ಮತ್ತಿಕೆರೆ ಹತ್ತಿರದ ಒಂದು ಕಾಲೇಜಿನ ಆಟೊಮೊಬೈಲ್ ಲ್ಯಾಬಿನಲ್ಲಿ ಕೆಲಸ, ಸಂಜೆ ಈ ಅಂಗಡಿ. ಇಷ್ಟನ್ನೂ ಅವಳು ಕೇಳಿ ತಿಳಿದುಕೊಂಡದ್ದು. ಅವನು ತಾನಾಗಿ ಹೇಳುವ ಪೈಕಿ ಅಲ್ಲ.

ಅವಳಾದರೋ ಗುಂಡಿಯಿಂದ ಮೇಲೆ ಬರುವಷ್ಟರಲ್ಲಿ ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದಳು. ಸೆಕೆಂಡ್ ಹ್ಯಾಂಡ್ ಪಿಕಪ್ಪು, ತಾನೇ ಹುಡುಕಿ ತಂದದ್ದು. ಬೆಳಗಾಗುವ ಮುಂಚೆ ಬಾಗಲೂರಿನ ತೋಟಗಳಿಂದ ಸೊಪ್ಪು ತುಂಬಿಕೊಂಡು ಬಂದು ಮನೆಮನೆಗೆ ಕೊಡುವ ವ್ಯಾಪಾರ. ಈಗ ಹೆಬ್ಬಾಳದ ಆಚೆ ನಾನೂರು ಮನೆಗಳ ಒಂದು ಅಪಾರ್ಟ್‌ಮೆಂಟಿನವರು ದಿನಾ ಸೊಪ್ಪು ಬೇಕೆಂದಿದ್ದಾರೆ. ಸಾಮಾನಿನ ಲಿಫ್ಟ್ ಇರುವುದು ಬೇಸ್‌ಮೆಂಟಿನಲ್ಲಿ. ಅಲ್ಲಿಗೆ ಇಳಿಯುವ ರ‍್ಯಾಂಪಿನ ಬುಡದಲ್ಲಿ ಚರಂಡಿ, ಅದರ ಮೇಲೊಂದು ಹೊಸ ಕಬ್ಬಿಣದ ಜಾಲರಿ. ಮೊದಲ ದಿನವೇ ಅವಳ ಪಿಕಪ್ಪಿನ ಬಂಪರ್ ಆ ಜಾಲರಿಯನ್ನು ಕಿತ್ತು ಎಬ್ಬಿಸಿತ್ತು.

"ಅಲ್ಲಿಯ ಮ್ಯಾನೇಜರ್ ಮುಸರ್ರತ್ ಮೇಡಂ ತುಂಬಾ ಸ್ಟ್ರಿಕ್ಟು. ಸೋಮವಾರ ಬೆಳಗ್ಗೆ ಇನ್ನೊಂದ್ ಚಾನ್ಸ್ ಕೊಟ್ಟಿದಾರೆ. ಜಾಲರಿಗೆ ತಾಗಿದ್ರೆ ಬೇರೆಯವ್ರಿಗೆ ಕೊಡ್ತಾರಂತೆ."

"ತಾಗಿದ್ರ?"

"ಗಾಡಿ ಮಾರೋದು. ಚಿಕ್ಕಪ್ಪನ ಸ್ನೇಹಿತರ ಹಾರ್ಡ್‌ವೇರ್ ಅಂಗಡೀಲಿ ಬಿಲ್ ಹಾಕೋಕೆ ಕೂರೋದು. ಮನೇಲಿ ಮಾತು ಕೊಟ್ಬಿಟ್ಟಿದೀನಿ." ಅವಳು ಗಾಡಿಯ ಬಾನೆಟ್ ಮೇಲೆ ಕೈಯಿಟ್ಟಳು. "ಆದ್ರೆ ಮಾರಲ್ಲ. ಮೂತಿ ಎತ್ತೇ ಎತ್ತಬೇಕು. ಹೆಬ್ಬಾಳದ ಗ್ಯಾರೇಜಿನವರು ಎಲ್ಲಾ ಹೊಸದು ಹಾಕ್ಬೇಕು ಅಂದ್ರು. ಅವರ ರೇಟು ಕೇಳಿ ಕೊಟ್ಟ ನೀರನ್ನೂ ಕುಡೀದೆ ಎದ್ದು ಬಂದೆ."

"ಹೊಸಾದೇನೂ ಬ್ಯಾಡ್ರಿ. ಸರಳಿನ ಹಿಂದ ಒಂದೊಂದು ಬೋಲ್ಟ್ ಐತಿ. ಬಿಗಿ ಮಾಡಿದ್ರ ಸರಳು ತಿರುಚಿಕೊಂಡು ಮೂತಿ ಏಳತೈತಿ. ಎಷ್ಟು ಎತ್ತಬೇಕು?"

"ನಾಲ್ಕು ಬೆರಳು."

"ಎರಡು."

"ಚೌಕಾಸಿ ಮಾಡ್ತಿದೀರಾ?"

"ನಾನಲ್ರಿ, ಗಾಡಿ ಮಾಡಾಕತ್ತೈತಿ. ಎರಡೂವರಿ ದಾಟಿದ್ರ ಗಾಲಿ ಜಾಯಿಂಟ್ ಹೋಗ್ತಾವ." ಅವನು ಜೇಬಿನಿಂದ ಟೇಪ್ ತೆಗೆದು ಅವಳ ಕೈಗಿಟ್ಟ. "ಮೊದಲ ಆ ಜಾಲರಿ ಅಳದು ಬರ್ರಿ. ಎಷ್ಟು ಬೇಕಂತ ಗೊತ್ತಿಲ್ಲದ ಎತ್ತೂದು ಹೆಂಗ?"

ಗುರುವಾರ ಅವಳು ಅಳೆದು ಬಂದಳು. ಬೇಕಾದದ್ದು ಒಂದೂವರೆ ಬೆರಳು. ಎರಡು ಬೆರಳು ಎತ್ತಿದರೆ ಅರ್ಧ ಬೆರಳಿನ ಜಾಗ ಉಳಿಯುತ್ತದೆ. ಟೇಪಿನ ಜೊತೆಗೆ ಒಂದು ಕಟ್ಟು ಎಳೆ ಮೆಂತ್ಯ ಸೊಪ್ಪನ್ನೂ ಕೊಟ್ಟಳು. ಸ್ಪ್ರಿಂಗ್ ಕಳ್ಳತನದ ಲೆಕ್ಕಕ್ಕೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಶರಣು ಡಬ್ಬಿಯಿಂದ ಜೋಳದ ರೊಟ್ಟಿ ತೆಗೆದು, ಆ ಸೊಪ್ಪನ್ನು ನಲ್ಲಿಯಡಿ ತೊಳೆದು, ಅವಳೆದುರೇ ಹಸಿಹಸಿಯಾಗಿ ತಿನ್ನತೊಡಗಿದ.

"ಅಯ್ಯೋ! ಬೇಯಿಸೋದಿಲ್ವಾ?"

"ಇಂಥಾ ಎಳಿ ಮೆಂತೆ ಬೇಯಿಸಿದ್ರ ಪಾಪ ಬರತೈತ್ರಿ." ಅವನು ಒಂದು ಎಲೆಯ ಕುಡಿಯನ್ನು ರೊಟ್ಟಿಯ ಚೂರಿನಲ್ಲಿಟ್ಟು ಅವಳ ಕಡೆ ಚಾಚಿದ. "ತಿಂದು ನೋಡ್ರಿ."

ಕಹಿ ಇರುತ್ತದೆಂದು ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡಳು. ಇರಲಿಲ್ಲ. ಕಣ್ಣು ಬಿಟ್ಟಾಗ ಅವನು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಸ್ಪ್ಯಾನರ್ ಹುಡುಕತೊಡಗಿದ. ಸ್ಪ್ಯಾನರ್ ಅವನ ಜೇಬಿನಲ್ಲೇ ಇತ್ತು.

ಬೋಲ್ಟು ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಹನ್ನೆರಡು ವರ್ಷದ ತುಕ್ಕು ತಿಂದು ಸರಳಿಗೇ ಅಂಟಿಕೊಂಡಿತ್ತು. ಗುರುವಾರ ಎಣ್ಣೆ ಹೊಡೆದು ಬಿಟ್ಟರು. ಶುಕ್ರವಾರ ಸುತ್ತಿಗೆಯಿಂದ ತಟ್ಟಿ, ಮತ್ತೆ ಎಣ್ಣೆ ಹೊಡೆದು, ಜಾಕ್ ಕೊಟ್ಟು ಗಾಲಿಗಳನ್ನು ನೆಲದಿಂದ ಎತ್ತಿದರು. ಗಾಲಿ ಜೋತುಬಿದ್ದರೆ ಸರಳಿನ ಬಿಗಿ ಸಡಿಲುತ್ತದೆ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಶರಣು ಎಳೆದ. ಎಡಗಡೆಯದು ಒಲಿಯಿತು. ಬಲಗಡೆಯದು ಜಪ್ಪಯ್ಯ ಎನ್ನಲಿಲ್ಲ.

"ಇದು ಮುರೀಬಹುದ್ರಿ," ಎಂದು ಅವನು ಬೆವರು ಒರೆಸಿಕೊಂಡ. "ಬಿಟ್ಟುಬಿಡೂಣೇನು?"

"ಬಿಡೋ ಮಾತೇ ಇಲ್ಲ. ಸರೀರಿ ಆ ಕಡೆ."

ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಗುಂಡಿಗೆ ಇಳಿದು, ಪೈಪಿನ ತುದಿಗೆ ಜೋತುಬಿದ್ದಳು. ಇಡೀ ಮೈಭಾರ ಹಾಕಿದಳು. ಶರಣು ಹಿಂದಿನಿಂದ ಅದೇ ಪೈಪು ಹಿಡಿದ. ಎರಡು ಜೊತೆ ಕೈ, ಒಂದೇ ಕಬ್ಬಿಣ. "ಒಂದು, ಎರಡು," ಎಂದು ಎಣಿಸಿದರು. ಮೂರನೇ ಸಲಕ್ಕೆ ಟಪ್ ಎಂದು ಸದ್ದಾಯಿತು. ಮುರಿಯಿತೆಂದು ಇಬ್ಬರೂ ಉಸಿರು ಹಿಡಿದರು. ಮುರಿದಿರಲಿಲ್ಲ, ಕದಲಿತ್ತು. ಖುಷಿಗೆ ಅವಳು ಅವನ ಕೈಯನ್ನೇ ಗಟ್ಟಿಯಾಗಿ ಹಿಡಿದುಬಿಟ್ಟಿದ್ದಳು. ಅದು ಗೊತ್ತಾದ ಮೇಲೂ ಬಿಡಲು ತುಸು ಹೊತ್ತು ತೆಗೆದುಕೊಂಡಳು ಎಂಬುದನ್ನು ಇಲ್ಲಿ ಹೇಳದೆ ಇರಲಾಗದು.

ಶನಿವಾರ ಅಳತೆಯ ದಿನ. ಅಳತೆಗೆ ಶರಣುವಿನದೇ ಒಂದು ಪದ್ಧತಿ ಇತ್ತು. ಖಾಲಿ ಗಾಡಿಯನ್ನು ಅವನು ಅಳೆಯುತ್ತಿರಲಿಲ್ಲ. ಗಾಡಿ ಯಾರದೋ ಅವರು ಸೀಟಿನಲ್ಲಿ ಕೂರಲೇಬೇಕು.

"ಕುಂದ್ರಿ," ಎಂದ.

"ನಾನ್ಯಾಕೆ?"

"ದಿನಾ ಹೊಡಿಯವರು ನೀವು. ನಿಮ್ಮ ಭಾರ ಬಿದ್ದಾಗ ಗಾಡಿ ಎಷ್ಟು ಕುಂದರತೈತೋ ಅದ ಖರೇ ಎತ್ತರ. ಕುಂದ್ರಿ. ಅಲ್ಲಾಡಬ್ಯಾಡ್ರಿ."

"ತೂಕ ಗೀಕ ಕೇಳಲ್ಲ ತಾನೇ?"

"ಟೇಪ್ ಹೇಳತೈತ್ರಿ, ನಾ ಯಾರಿಗೂ ಹೇಳೂದಿಲ್ಲ."

ಸ್ವಲ್ಪ ಬಿಗಿ ಮಾಡುವುದು, ಜಾಕ್ ಇಳಿಸುವುದು, ಗಾಡಿ ಮೈ ಸಡಿಲಿಸಿಕೊಳ್ಳಲಿ ಎಂದು ಅವಳು ರಸ್ತೆ ತುದಿಯ ತನಕ ಹೋಗಿ ಬರುವುದು, ಮತ್ತೆ ಕೂರುವುದು. ಅವನು ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನ ತನಕ ಟೇಪು ಹಿಡಿದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಹೀಗೆ ಏಳು ಸಲ. ಏಳು ಸಲವೂ ಅವಳು ಅಲ್ಲಾಡದೆ ಕೂತಳು. ಕಣ್ಣಿಗೆ ಮಾತ್ರ ಕಟ್ಟುಪಾಡು ಇರಲಿಲ್ಲವಲ್ಲ. ಬಗ್ಗಿದಾಗ ಹಣೆಗೆ ಬೀಳುವ ಅವನ ಕೂದಲು, ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸುವ ರೀತಿ, ತಪ್ಪು ಬರೆದಾಗ ಕಚ್ಚುವ ನಾಲಿಗೆ, ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದಳು. ಐದನೇ ಸಲ ಅವನೂ ಅದೇ ಕನ್ನಡಿಯನ್ನು ನೋಡಿದ. ಆ ಸಲದ ಅಂಕಿಯನ್ನು ಎರಡು ಬಾರಿ ಒರೆಸಿ ಬರೆಯಬೇಕಾಯಿತು.

ಎರಡು ಬೆರಳು ಎದ್ದ ಮೇಲೆ ಶರಣು ಸ್ಪ್ಯಾನರ್ ಕೆಳಗಿಟ್ಟ. ಬಲಗಡೆಯ ಬೋಲ್ಟು ಅದರ ಮಿತಿ ಮುಟ್ಟಿತ್ತು. ಎಡಗಡೆ ಇನ್ನೊಂದು ಸುತ್ತು ಬಿಗಿಯಲು ಜಾಗ ಇತ್ತು, ಆದರೆ ಎರಡೂ ಸಮ ಇರಲೆಂದು ಮುಟ್ಟಲಿಲ್ಲ. ಅಲೈನ್‌ಮೆಂಟನ್ನೂ ಸರಿಮಾಡಿದ. ಕೊನೆಯದಾಗಿ ಹೆಡ್‌ಲೈಟು. ಮೂತಿ ಎದ್ದರೆ ಬೆಳಕೂ ಏಳುತ್ತದೆ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಸಂಜೆ ಮಬ್ಬಾಗಿತ್ತು. ಅವನು ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಂತ. "ಹಾಕ್ರಿ."

ಬೆಳಕು ನೇರ ಅವನ ಮುಖಕ್ಕೇ ಬಿತ್ತು. ಅವನು ಕಣ್ಣು ಮುಚ್ಚಿಕೊಂಡು ನಕ್ಕ. ಬುಧವಾರದಿಂದ ಬಿಗಿಹಿಡಿದಿದ್ದ ನಗು, ಗುಳಿಯ ಸಮೇತ. ಈ ಗಾಡಿ ನನಗೆ ಎಷ್ಟು ಬೇಕೋ ಈ ಮನುಷ್ಯನೂ ಅಷ್ಟೇ ಬೇಕು ಎಂದು ಆ ಕ್ಷಣ ಅವಳಿಗೆ ಯಾವ ಅನುಮಾನವೂ ಇಲ್ಲದೆ ತಿಳಿಯಿತು.

"ಆರಸ್ರಿ, ಕಣ್ಣು ಹೋದ್ವು!"

"ಇರಿ, ಇನ್ನೊಂದ್ ನಿಮಿಷ," ಎಂದಳು ಮಧುಶ್ರೀ. ಆರಿಸಲಿಲ್ಲ.

ಹೊರಡುವಾಗ ಅವನು ಕೀಲಿ ಕೊಟ್ಟು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು, "ರ‍್ಯಾಂಪಿನ್ಯಾಗ ಬ್ರೇಕ್ ಜೋರ್ ಒತ್ತಬ್ಯಾಡ್ರಿ, ಮೂತಿ ಕುಸೀತೈತಿ," ಎಂದಷ್ಟೇ ಹೇಳಿದ.

"ನೀವೇ ಬನ್ನಿ ಸೋಮವಾರ. ಆರೂವರೆಗೆ. ಪಕ್ಕದಲ್ಲಿ ಕೂತು ಹೇಳಿ."

"ಕಾಲೇಜು…"

"ಆಮೇಲೆ ನಾನೇ ಬಿಡ್ತೀನಿ."

ಸೋಮವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಹಿಂದೆ ಸೊಪ್ಪಿನ ಕ್ರೇಟುಗಳು, ಪಕ್ಕದಲ್ಲಿ ಶರಣು, ಹಿಂದೆಹಿಂದೆ ಬೈರಣ್ಣನ ಗೂಡ್ಸ್ ಆಟೊ. ಗಾಡಿ ಮಾರುವ ಮಾತು ಇವತ್ತೇ ಇತ್ಯರ್ಥವಾಗಲಿ ಎಂದು ಬಂದಿದ್ದ ಅವನು.

ಮುಸರ್ರತ್ ಮೇಡಂ ರ‍್ಯಾಂಪಿನ ಬುಡದಲ್ಲಿ, ರಿಪೇರಿಯಾದ ಜಾಲರಿಯ ಪಕ್ಕ ಕೈಕಟ್ಟಿ ನಿಂತಿದ್ದರು. "ಬಾಮ್ಮ, ನಿಧಾನಕ್ಕೆ ಬಾ."

ಮಧುಶ್ರೀ ಇಳಿಸಿದಳು. ಬ್ರೇಕನ್ನು ಹೂವಿನ ಹಾಗೆ ಒತ್ತಿದಳು. ಬಂಪರ್ ಜಾಲರಿಯ ಹತ್ತಿರ ಬಂತು. ಇನ್ನೇನು ದಾಟಿತು ಎನ್ನುವಾಗ ಎಡಗಡೆಯಿಂದ ಕರ‍್ರ್ ಎಂದು ಸದ್ದು ಕೇಳಿತು.

ನಿಲ್ಲಿಸಿದಳು.

"ಆಯ್ತಲ್ಲಮ್ಮ," ಎಂದರು ಮುಸರ್ರತ್. ದನಿಯಲ್ಲಿ ಗದರಿಕೆ ಇರಲಿಲ್ಲ, ಅದೇ ಹೆಚ್ಚು ನೋಯಿಸಿತು. ಬೈರಣ್ಣ ಮೇಲಿನಿಂದಲೇ, "ನಾನ್ ಏಳಲಿಲ್ವಾ? ಬಾ, ಇಂದಕ್ಕೆ ತಗಿ," ಎಂದು ಕೂಗಿದ.

ಅವಳ ತಲೆ ಓಡುತ್ತಿತ್ತು. ಜಾಲರಿ ಅದೇ, ಬಂಪರ್ ಅದೇ, ಏಳು ಸಲ ಅಳೆದದ್ದು. ಬಲಗಡೆ ತಾಗಲಿಲ್ಲ, ಎಡಗಡೆ ತಾಗಿತು. ಎಡಗಡೆ ಏನಿದೆ? ತಿರುಗಿ ನೋಡಿದಳು. ಎಡಗಡೆ ಶರಣು ಇದ್ದ. ಅವನಿಗೂ ಅದೇ ಗಳಿಗೆಯಲ್ಲಿ ಹೊಳೆದಿತ್ತು. ಏಳು ಸಲವೂ ಅಳೆದದ್ದು ಅವಳೊಬ್ಬಳನ್ನೇ ಕೂರಿಸಿ.

"ನನ್ನ ಭಾರ," ಎಂದ, ಮುಖ ಬಿಳಿಚಿಕೊಂಡು. "ನನ್ನ ತಪ್ಪ ಇದು."

"ಇಳೀರಿ," ಎಂದಳು. ಪಿಕಪ್ಪನ್ನು ಮೆಲ್ಲಗೆ ಹಿಂದಕ್ಕೆ ಮೇಲಕ್ಕೆ ತಂದು, ಕಿಟಕಿಯಿಂದ ತಲೆ ಹೊರಹಾಕಿದಳು. "ಮೇಡಂ, ದಿನಾ ಬರೋದು ನಾನೊಬ್ಬಳೇ. ಒಬ್ಬಳೇ ಇಳಿಸಿ ತೋರಿಸ್ತೀನಿ. ತಾಗಿದ್ರೆ ನಾನೇ ವಾಪಸ್ ಹೋಗ್ತೀನಿ, ನೀವು ಹೇಳೋದೇ ಬೇಡ."

ಮುಸರ್ರತ್ ಗಡಿಯಾರ ನೋಡಿದರು, ಅವಳ ಮುಖ ನೋಡಿದರು. "ಒಂದೇ ಸಲ."

ಎರಡನೇ ಸಲ ಸದ್ದೇ ಬರಲಿಲ್ಲ. ಬಂಪರ್ ಜಾಲರಿಯ ಮೇಲೆ ಬರುವಾಗ ಮುಸರ್ರತ್ ಕೈ ಎತ್ತಿ ನಿಲ್ಲಿಸಿದರು. ಮಂಡಿಯೂರಿ, ಕುತ್ತಿಗೆಯ ಐಡಿ ಕಾರ್ಡನ್ನು ತೆಗೆದು ಬಂಪರಿಗೂ ಜಾಲರಿಗೂ ನಡುವೆ ತೂರಿಸಿದರು. ಕಾರ್ಡು ಈ ಕಡೆಯಿಂದ ಆ ಕಡೆಗೆ ಸರಾಗವಾಗಿ ಹೋಯಿತು.

"ನಾಳೆಯಿಂದ ಬಾ," ಎಂದು ಎದ್ದು ಮಂಡಿ ಕೊಡವಿಕೊಂಡರು. "ಆದ್ರೆ ಗಾಡೀಲಿ ಒಬ್ಬಳೇ ಬರ್ಬೇಕು. ಪಕ್ಕದಲ್ಲಿ ಯಾರೂ ಬೇಡ. ಸಬ್ಬಸಿಗೆ ಇದ್ರೆ ನಂಗೆ ಎರಡು ಕಟ್ಟು ಇಡು."

ಮಧುಶ್ರೀಗೆ ಕುಣಿಯಬೇಕೆನ್ನಿಸಿತು. ಕ್ರೇಟುಗಳನ್ನು ಇಳಿಸಿ ಲಿಫ್ಟಿಗೆ ಹಾಕಿ ಮೇಲೆ ಬಂದಾಗ ಶರಣು ಗೇಟಿನ ಹತ್ತಿರ ಬ್ಯಾಗು ಹೆಗಲಿಗೇರಿಸಿ ಹೊರಟು ನಿಂತಿದ್ದ.

"ಗೆದ್ರಿ ನೋಡ್ರಿ," ಎಂದ. ಖುಷಿಯಾಗಿಯೇ ಹೇಳಿದ, ಆದರೆ ಕಣ್ಣು ರಸ್ತೆಯ ಕಡೆಗಿತ್ತು. "ನಾ ಬಸ್ಸಿಗೆ ಹೋಗ್ತೀನ್ರಿ. ಮೇಡಂ ಹೇಳಿದ್ದು ಕೇಳಿದೆ. ಇನ್ನ ಮ್ಯಾಲೆ ನಾ ಈ ಗಾಡ್ಯಾಗ ಭಾರ."

ಅವಳು ಎಂಜಿನ್ ಆರಿಸಿದಳು. ಎರಡು ದಿನ ಒಂದು ತುಕ್ಕು ಹಿಡಿದ ಬೋಲ್ಟಿಗೆ ಸೋಲದವಳು, ಇಷ್ಟಕ್ಕೆ ಸೋಲುವಳೇ?

"ಎಡಗಡೆ ಬೋಲ್ಟಲ್ಲಿ ಇನ್ನೆಷ್ಟು ಉಳಿದಿದೆ?"

"ಒಂದು ಸುತ್ತು. ಅರ್ಧ ಬೆರಳು ಏಳಬಹುದು. ಯಾಕ್ರಿ?"

"ಇವತ್ತು ಸಂಜೆ ಅದನ್ನ ಬಿಗಿ ಮಾಡಿ."

"ಬ್ಯಾಡ್ರಿ. ಹಂಗ ಮಾಡಿದ್ರ ನೀವೊಬ್ಬರ ಕುಂತಾಗ ಎಡಕ್ಕ ಎತ್ತರ ಆಗತೈತಿ. ಗಾಡಿ ಸೊಟ್ಟ ನಿಲ್ಲತೈತಿ."

"ನಾನೊಬ್ಬಳೇ ಇದ್ದಾಗ ಸೊಟ್ಟನೇ ನಿಲ್ಲಲಿ," ಎಂದಳು ಮಧುಶ್ರೀ. "ನೀವು ಕೂತಾಗ ಸಮ ಆದ್ರೆ ಸಾಕು."

ಶರಣು ಬ್ಯಾಗಿನ ಪಟ್ಟಿಯನ್ನು ಹಿಡಿದುಕೊಂಡು ನಿಂತೇ ಇದ್ದ. ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು. ಆಮೇಲೆ ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತ. ಮತ್ತಿಕೆರೆ ಬರುವ ತನಕ ಇಬ್ಬರೂ ಹೆಬ್ಬಾಳದ ಟ್ರಾಫಿಕ್ಕಿಗೂ ಬೈಯಲಿಲ್ಲ.

ಸಂಜೆ ಅಂಗಡಿಯಲ್ಲಿ ಎಡಗಡೆಯ ಕೊನೆಯ ಸುತ್ತು ಬಿಗಿಯಾಯಿತು. ಆಗ ಹೊಸ ತೊಡಕು ಎದುರಾಯಿತು. ಇಬ್ಬರೂ ಗಾಡಿಯಲ್ಲಿ ಕೂತರೆ ಟೇಪು ಹಿಡಿಯುವವರು ಯಾರು? ಮಧುಶ್ರೀ ಬೈರಣ್ಣನಿಗೆ ಫೋನ್ ಮಾಡಿದಳು. ಗೊಣಗುತ್ತಲೇ ಬಂದ ಅವನು ಮೊದಲು ಗುಂಡಿಗೆ ಇಳಿದು ಆ ಸರಳುಗಳನ್ನು ಕಣ್ಣಾರೆ ನೋಡಿದ, ಒಂದನ್ನು ಬೆರಳಿನಿಂದ ತಟ್ಟಿ ಮೇಲೆ ಬಂದ. ಆಮೇಲೆ ಟೇಪು ಹಿಡಿದು ಎಡಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಲ್ಲಾಡ್ಬೇಡ್ರಿ ಇಬ್ರೂವೆ!"

ಒಳಗೆ ಇಬ್ಬರೂ ಉಸಿರು ಬಿಗಿಹಿಡಿದು ಎದುರಿನ ಗಾಜನ್ನೇ ನೋಡುತ್ತ ಕೂತರು.

"ಶರಣು," ಎಂದಳು ಅವಳು, ತಲೆ ತಿರುಗಿಸದೆ, ಮೆಲ್ಲಗೆ. "ನಂಗೆ ನೀವು ಇಷ್ಟ. ಗಾಡಿಗೋಸ್ಕರ ಅಲ್ಲ. ಗಾಡಿ ಕೆಲಸ ಮುಗೀತಲ್ಲ, ಅದಕ್ಕೇ ಈಗ ಹೇಳ್ತಿದೀನಿ."

"ಅಲ್ಲಾಡಬ್ಯಾಡ ಅಂದಾರ್ರಿ ನಿಮ್ಮ ಕಾಕಾ."

"ಬಾಯಿ ಅಲ್ಲಾಡಿಸ್ಬೋದು."

ಅವನೂ ಗಾಜನ್ನೇ ನೋಡುತ್ತ ಹೇಳಿದ. "ನನ್ನ ಸ್ಪ್ರಿಂಗ್ ಎಲ್ಲಿ ಅಂತ ಬಂದು ನಿಂತ್ರಲ್ರಿ, ಅವತ್ತಿಂದನ ನನಗ ನಿಮ್ಮ ಮ್ಯಾಲೆ ಮನಸ್ಸಾಗೈತಿ. ಶನಿವಾರ ಹೇಳಾಕ ಹೋಗಿ ಬ್ರೇಕಿನ ಮಾತು ಹೇಳಿದೆ." ಆಮೇಲೆ ಸೇರಿಸಿದ. "ಮೂರು ಸಲಕ್ಕ ಮುಗಿಯೂ ಕೆಲಸಾನ ಏಳು ಸಲ ಮಾಡೀನ್ರಿ, ನೀವು ಕುಂತಿರ್ಲಿ ಅಂತ."

ಅವಳಿಗೆ ನಗು ತಡೆಯಲಾಗಲಿಲ್ಲ. ಸೀಟಿನ ಮೇಲೆ ಅವಳ ಕೈ ಮೆಲ್ಲಗೆ ಎಡಕ್ಕೆ ಸರಿಯಿತು. ಅವನ ಕೈ ಆಗಲೇ ಅರ್ಧ ದಾರಿ ಬಂದಿತ್ತು.

ಹೊರಗೆ ಬೈರಣ್ಣ ಎಡಗಡೆ ಅಳೆದ, ಬಲಗಡೆ ಅಳೆದ, ನಂಬಿಕೆ ಬಾರದೆ ಮತ್ತೊಮ್ಮೆ ಎಡಗಡೆ ಅಳೆದ. ಸೊಂಟ ಹಿಡಿದುಕೊಂಡು ಎದ್ದು ನಿಂತ.

"ಎರಡೂ ಸಮ ಐತೆ ಕಣಮ್ಮ! ನಾಳೆ ಆ ಮೇಡಂಗೆ ನಾನೇ ಏಳ್ತೀನಿ, ಇನ್ನೊಂದ್ ಕಿತ ಕಾರ್ಡ್ ತೂರಿಸಿ ನೋಡ್ಲಿ." ಆಮೇಲೆ ಟೇಪು ಸುತ್ತುತ್ತ ಕೂಗಿದ. "ಈಗ ಒಬ್ರು ಇಳೀರಿ, ಎಷ್ಟು ಸೊಟ್ಟ ಆಯ್ತದೆ ನೋಡಾನ!"

ಇಬ್ಬರೂ ಇಳಿಯಲಿಲ್ಲ.